ಮುತ್ಯಾನ ಸಾಕ್ಷಿ, ಸತ್ಯವೇದದ ಖಾಲಿ ಹಾಳೆ

ಓದುಗರ ಪ್ರಶ್ನೆ, ನಮ್ಮ ಉತ್ತರ. ಕ್ರೈಸ್ತ ಮನೆತನಗಳಲ್ಲಿ ಬಾಯಿಂದ ಬಾಯಿಗೆ ಬಂದ ವಿಶ್ವಾಸದ ಕತೆಗಳನ್ನು ಕೇಳಿಟ್ಟುಕೊಳ್ಳುವುದು, ಒರೆಹಚ್ಚುವುದು, ಮಕ್ಕಳಿಗೆ ದಾಟಿಸುವುದು ಹೇಗೆ ಎಂದು ಬಂದ ಪತ್ರಗಳಲ್ಲಿ ಆರನ್ನು ಈ ಸಲ ತೆಗೆದುಕೊಂಡಿದ್ದೇವೆ.

ನಮ್ಮ ಆಯಿಗೆ 86 ವರ್ಷ. ಅವರ ಮುತ್ಯಾ ಬೆಟಗೇರಿಯ ನೇಕಾರರು, ಸ್ವಿಟ್ಜರ್ಲೆಂಡಿನಿಂದ ಬಂದ ಪ್ರೊಟೆಸ್ಟಂಟರ ಬಾಸೆಲ್ ಮಿಶನ್ ಸಭೆಗೆ ಸೇರಿದವರು. ಆ ಕತೆಯನ್ನು ಮೊಬೈಲಿನಲ್ಲಿ ಹಿಡಿದಿಡಲು ಎರಡು ಸಲ ಕೂತೆವು. ಎರಡೂ ಸಲ ‘ದೇವರು ನಮ್ಮನ್ನ ಕತ್ತಲಿಂದ ಬೆಳಕಿಗೆ ತಂದ’ ಎಂದು ಐದೇ ನಿಮಿಷದಲ್ಲಿ ಮುಗಿಸಿಬಿಟ್ಟರು. ಏನು ಮಾಡೋಣ? (ಗದಗ)

ಆಯಿ ಹೇಳುತ್ತಿರುವುದು ಕತೆಯಲ್ಲ, ಸಾಕ್ಷಿ. ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳುವುದಕ್ಕೆ ಒಂದು ಅಚ್ಚಿದೆ: ಮೊದಲು ಕತ್ತಲೆ, ನಡುವೆ ಕಾಯಿಲೆಯೋ ಕಷ್ಟವೋ, ಆಮೇಲೆ ಪ್ರಾರ್ಥನೆ, ಕೊನೆಗೆ ಬೆಳಕು. ಜೀವಮಾನವಿಡೀ ಅದನ್ನು ಕೇಳಿ, ಹೇಳಿ ರೂಢಿಯಾದವರ ಮುಂದೆ ಮೊಬೈಲಿಟ್ಟು ‘ನಮ್ಮವರು ವಿಶ್ವಾಸಕ್ಕೆ ಹೇಗೆ ಬಂದರು’ ಎಂದು ಕೇಳಿದರೆ ಅದೇ ಅಚ್ಚಿನ ಮಾತು ಬರುತ್ತದೆ. ಪ್ರಶ್ನೆ ಬದಲಿಸಿ.

ಮಗ್ಗ ಮನೆಯ ಯಾವ ಮೂಲೆಯಲ್ಲಿತ್ತು? ಸಭೆ ಸೇರಿದ ಮೇಲೆ ನೂಲು ಯಾರು ಕೊಟ್ಟರು, ಸೀರೆ ಯಾರು ಕೊಂಡರು? ಭಾನುವಾರ ಮಗ್ಗ ನಿಲ್ಲಿಸಿದರೆ ವಾರದ ಲೆಕ್ಕ ಹೇಗೆ ಸರಿಹೋಗುತ್ತಿತ್ತು? ನೀರು ಯಾವ ಬಾವಿಯದು? ಮನೆಯಲ್ಲಿ ಮೊದಲು ಸತ್ತವರನ್ನು ಎಲ್ಲಿ ಮಣ್ಣು ಮಾಡಿದರು? ಎಲ್ಲಕ್ಕಿಂತ ಹೆಚ್ಚು ಮಾತು ಹೊರಡಿಸುವ ಪ್ರಶ್ನೆ ಇದು: ಮಕ್ಕಳಿಗೆ ಹೆಣ್ಣು ಎಲ್ಲಿಂದ ತಂದರು? ಆಗಿನ ಸಭೆಗಳು ಚಿಕ್ಕವು. ಧಾರವಾಡದಲ್ಲಿ 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ, ಬೆಟಗೇರಿಯಲ್ಲಿ 1841ರಲ್ಲಿ, ಗುಳೇದಗುಡ್ಡದಲ್ಲಿ 1851ರಲ್ಲಿ ಮಿಶನ್ ಠಾಣೆ ಆರಂಭವಾಯಿತು. ನೆಂಟಸ್ತನ ಬಹುಮಟ್ಟಿಗೆ ಈ ಊರುಗಳ ನಡುವೆಯೇ ನಡೆಯಬೇಕಿತ್ತು. ಬೀಗರ ಊರು ಸಿಕ್ಕಿದರೆ ಮುಂದೆ ಯಾವ ಸಭೆಯ ದಾಖಲೆ ಹುಡುಕಬೇಕೆಂಬುದೂ ಸಿಕ್ಕಿದಂತೆ.

ಬೆಳಗಿನ ನಾಷ್ಟಾ ಆದಮೇಲೆ ಕೂತುಕೊಳ್ಳಿ. ಒಂದು ಸಲಕ್ಕೆ 40 ನಿಮಿಷ ಸಾಕು. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಿಸಿದ ಟವೆಲಿನ ಮೇಲೆ ಅವರಿಂದ ಒಂದೂವರೆ ಅಡಿ ದೂರ ಇಡಿ. ಬರಿ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನಂತೆ ಕೇಳುತ್ತದೆ. ಫ್ಯಾನ್ ಆರಿಸಿ, ಕುಕ್ಕರಿನ ಸೀಟಿ ಮುಗಿದಿರಲಿ. ಶುರುವಿನಲ್ಲಿ ತಾರೀಖು, ಊರು, ಮಾತಾಡುವವರ ಪೂರ್ತಿ ಹೆಸರನ್ನು ನೀವೇ ಹೇಳಿ. ಯಾರಿಗೆಲ್ಲ ಕೇಳಿಸಬಹುದು ಎಂದು ಅವರಿಂದಲೇ ಹೇಳಿಸಿ. ಕೇಳುವವರು ಒಬ್ಬರೇ ಇರಲಿ. ‘ಅಲ್ಲವ್ವಾ, ಅದು ಕಾಕಾನ ಮದಿವಿ ವರ್ಷ’ ಎಂದು ತಿದ್ದುವ ಮಗ ಪಕ್ಕದಲ್ಲಿದ್ದರೆ ಆಯಿ ಅಲ್ಲಿಗೇ ಬಾಯಿ ಮುಚ್ಚುತ್ತಾರೆ. ಅವರು ಸುಮ್ಮನಾದಾಗ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಮುಂದಿನ ಪ್ರಶ್ನೆಗೆ ಹಾರಬೇಡಿ. ಒಳ್ಳೆಯ ಮಾತು ಬಹಳ ಸಲ ಏಳನೆಯದೋ ಎಂಟನೆಯದೋ ಎಣಿಕೆಗೆ ಬರುತ್ತದೆ.

ಮಾತು ಹೊರಡದೇ ಇದ್ದರೆ ಹಾಡಿಸಿ, ಆದರೆ ಸಂಗೀತ ಪುಸ್ತಕ ಕೈಗೆ ಕೊಡಬೇಡಿ. ಈಗಿನ ಪುಸ್ತಕದಲ್ಲಿ ಇಲ್ಲದ ಪದಗಳು, ಬಿಟ್ಟುಹೋದ ಚರಣಗಳು ಹಿರಿಯರ ನಾಲಗೆಯಲ್ಲಿ ಉಳಿದಿರುತ್ತವೆ. ಪುಸ್ತಕ ಕೊಟ್ಟರೆ ಅದರಲ್ಲಿದ್ದಂತೆ ಹಾಡಿಬಿಡುತ್ತಾರೆ.

ಬರೆದಿಡುವಾಗ ಆಡುಮಾತನ್ನು ಗ್ರಂಥದ ಕನ್ನಡಕ್ಕೆ ತಿದ್ದಬೇಡಿ. ಉದಾಹರಣೆಗೆ ‘ಮುತ್ಯಾ ಮಗ್ಗದ ಕುಣ್ಯಾಗ ಕುಂತಿದ್ದ, ಸಾಹೇಬ ಬಂದು ಹೊಸ್ತಲದಾಗ ನಿಂತ’ ಎಂಬ ಮಾತು ಸಿಕ್ಕಿತೆನ್ನಿ. ಅದನ್ನು ‘ನೇಯ್ಗೆಯಲ್ಲಿ ನಿರತರಾಗಿದ್ದಾಗ ಮಿಶನರಿಯವರು ಆಗಮಿಸಿದರು’ ಎಂದು ಬರೆದರೆ ಕುಣಿಯೂ ಹೋಯಿತು, ಹೊಸ್ತಿಲೂ ಹೋಯಿತು. ಬಂದವರು ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತರು ಎಂಬುದರಲ್ಲೇ ಅರ್ಧ ಕತೆಯಿತ್ತು. ಮಂಗಳೂರು ಕಡೆಯ ಸಭೆಗಳ ಮನೆಗಳಲ್ಲಿ ಮನೆಮಾತು ತುಳುವಾಗಿದ್ದರೆ ತುಳುವಿನಲ್ಲೇ ಹೇಳಲಿ. ತುಳುವಿನಲ್ಲಿ ಹೊಸ ಒಡಂಬಡಿಕೆ 1847ರಲ್ಲೇ ಅಚ್ಚಾಗಿದೆ, ಪ್ರಾರ್ಥನೆಯ ಮಾತು ಕನ್ನಡದ್ದೇ ಆಗಬೇಕೆಂಬ ಸಂಕೋಚ ಬೇಡ.

ಒಂದು ಗಂಟೆಯ ಮಾತನ್ನು ಅಕ್ಷರಕ್ಕಿಳಿಸಲು ಆರೇಳು ಗಂಟೆ ಹಿಡಿಯುತ್ತದೆ, ಹಾಗಾಗಿ ಬಹಳ ಮನೆಗಳಲ್ಲಿ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಮೊದಲು ಒಂದು ಹಾಳೆಯಲ್ಲಿ ‘4ನೇ ನಿಮಿಷ ಬಾವಿ, 12ನೇ ನಿಮಿಷ ಗುಳೇದಗುಡ್ಡದ ಮದುವೆ’ ಎಂದು ಪಟ್ಟಿ ಮಾಡಿಡಿ, ಅಷ್ಟಾದರೂ ಉಪಯೋಗಕ್ಕೆ ಬರುತ್ತದೆ. ಪ್ರತಿ ಇಟ್ಟುಕೊಳ್ಳುವುದು ಮೂರು ಕಡೆ, ಅದರಲ್ಲಿ ಒಂದು ಬೇರೆ ಮನೆಯಲ್ಲಿರಲಿ. ವಾಟ್ಸಾಪಿನಲ್ಲಿ ವಿಡಿಯೊ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಕುಗ್ಗಿಹೋಗುತ್ತದೆ.

ನಮ್ಮ ಮುತ್ತಜ್ಜನಿಗೆ 1872ರಲ್ಲಿ ಮೋಗ್ಲಿಂಗ್ ಅಯ್ಯನವರೇ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಕೊಟ್ಟರೆಂದು ಮನೆಯಲ್ಲಿ ಹೇಳುತ್ತಾರೆ. ಇದನ್ನು ಖಚಿತ ಮಾಡಿಕೊಳ್ಳುವುದು ಹೇಗೆ? (ಉಡುಪಿ)

1872 ಸರಿಯಾಗಿದ್ದರೆ ಮೋಗ್ಲಿಂಗ್ ಅಲ್ಲ, ಮೋಗ್ಲಿಂಗ್ ಸರಿಯಾಗಿದ್ದರೆ 1872 ಅಲ್ಲ. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಇಲ್ಲಿಗೆ ಬಂದದ್ದು 1836ರಲ್ಲಿ, ಊರಿಗೆ ಮರಳಿದ್ದು 1860ರಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಮೊದಲ ಮೂವರಲ್ಲಿ ಒಬ್ಬರಾದ ಹೆಬಿಕ್ 1859ರಲ್ಲಿ ಹೊರಟರು. ಕಿಟ್ಟೆಲ್ ಬಂದದ್ದೇ 1853ರಲ್ಲಿ. ಇಂಥ ನಾಲ್ಕೈದು ವರ್ಷಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಅರ್ಧ ಗೊಂದಲ ಮನೆಯಲ್ಲೇ ಬಗೆಹರಿಯುತ್ತದೆ.

ಮನೆಯ ಕತೆಗಳು ಯಾವಾಗಲೂ ಹೆಸರುವಾಸಿಯಾದವರ ಹೆಸರಿಗೆ ಅಂಟಿಕೊಳ್ಳುತ್ತವೆ. ಊರೂರು ನಡೆದು, ಕಟ್ಟೆಯಲ್ಲಿ ಕೂತು, ವರ್ಷಗಟ್ಟಲೆ ಮಾತಾಡಿಸಿದ ಕನ್ನಡದ, ತುಳುವಿನ ಉಪದೇಶಿಯ ಹೆಸರು ಎರಡನೆಯ ತಲೆಮಾರಿಗೇ ಮರೆತುಹೋಗಿ, ಒಂದು ದಿನ ಬಂದು ದೀಕ್ಷಾಸ್ನಾನದ ನೀರು ಹಾಕಿದ ಸಾಹೇಬನ ಹೆಸರು ಉಳಿಯುತ್ತದೆ. ನಿಮ್ಮ ಮುತ್ತಜ್ಜನ ದಾಖಲೆಯಲ್ಲಿ ಊರಿನ ಪಾಸ್ಟರೊಬ್ಬರ ಹೆಸರು ಸಿಕ್ಕಿದರೆ ನಿರಾಸೆ ಬೇಡ. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯರು ಬಾಸೆಲ್‌ನಲ್ಲಿ ಓದಿ 1851ರಲ್ಲಿ ಮರಳಿದ್ದರು. ಅವರು ತೀರಿಕೊಂಡದ್ದು 1893ರಲ್ಲಿ, ಅಂದರೆ 1872ರ ಹೊತ್ತಿಗೆ ಅಂಥವರು ಸೇವೆಯಲ್ಲಿದ್ದರು.

ಹುಡುಕುವ ಕ್ರಮ ಸರಳ, ತಾಳ್ಮೆ ಮಾತ್ರ ಬೇಕು. ಮುತ್ತಜ್ಜ ಯಾವ ಸಭೆಗೆ ಸೇರಿದ್ದರೋ ಆ ಸಭೆಯ ಸಭಾಪಾಲಕರಿಗೆ ಒಂದೇ ಪುಟದ ಪತ್ರ ಬರೆಯಿರಿ. ಹಳೆಯ ಹೆಸರು, ಹೊಸ ಹೆಸರು, ಹೆಂಡತಿಯ ಹೆಸರು, ಕಸುಬು, ಊರು, ವರ್ಷ (ಹಿಂದೆ ಮುಂದೆ ಐದು ವರ್ಷ ಸೇರಿಸಿ) ಇಷ್ಟೂ ಇರಲಿ. ದೀಕ್ಷಾಸ್ನಾನದ ವೇಳೆ ಹೆಸರು ಬದಲಾಗಿರಬಹುದು. ಹೊಸ ಹೆಸರಿನಿಂದ ಮಾತ್ರ ಹುಡುಕಿ ‘ಇಲ್ಲ’ ಎಂದು ಬಿಟ್ಟವರು ಬಹಳ. ಹೆಸರಿನಿಂದ ಸಿಗದಿದ್ದರೆ ಮಕ್ಕಳ ದೀಕ್ಷಾಸ್ನಾನ, ಮದುವೆ, ಸಮಾಧಿಯ ದಾಖಲೆಗಳಲ್ಲಿ ತಂದೆಯ ಹೆಸರಿನ ಅಂಕಣ ನೋಡಲು ಕೋರಿ. ಹಳೆಯ ರಿಜಿಸ್ಟರನ್ನು ನೀವೇ ತಿರುವಿಹಾಕುತ್ತೇನೆಂದು ಹಟ ಹಿಡಿಯಬೇಡಿ, ಅಂಚು ಪುಡಿಯಾಗುವ ಪುಸ್ತಕಗಳವು. ಬೇಕಾದ ನಮೂದಿನ ಪ್ರತಿ ಕೇಳಿ.

ಸಭೆಯಲ್ಲಿ ಸಿಗದಿದ್ದರೆ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಮಿಶನ್ನಿನ ಹಳೆಯ ಕಾಗದಪತ್ರಗಳಿವೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಶನ್ ಪತ್ರಾಗಾರ ಹಳೆಯ ಫೋಟೊಗಳನ್ನು ಅಂತರ್ಜಾಲದಲ್ಲಿ ಹುಡುಕುವಂತೆ ಇಟ್ಟಿದೆ. ಅಲ್ಲಿ ಮನುಷ್ಯರ ಹೆಸರಿಗಿಂತ ಊರಿನ ಹೆಸರಿನಿಂದ ಹುಡುಕಿ, ಅದೂ ಹಳೆಯ ಇಂಗ್ಲಿಷ್ ಕಾಗುಣಿತದಲ್ಲಿ. ಕೈಬರಹದ ವರದಿಗಳು ಹಳೆಯ ಜರ್ಮನ್ ಲಿಪಿಯಲ್ಲಿವೆ. ಇಂದಿನ ಜರ್ಮನ್ ಬಲ್ಲವರಿಗೂ ಅದು ಕಬ್ಬಿಣದ ಕಡಲೆ.

ಅಜ್ಜನ ಕಾಲದ ಸತ್ಯವೇದದ (ಬೈಬಲಿನ) ಖಾಲಿ ಹಾಳೆಗಳಲ್ಲಿ ಮನೆಯವರ ಜನನ, ಮದುವೆ, ಮರಣ ಬರೆದಿದೆ. ಹಾಳೆ ಕಂದಾಗಿ ಮುರಿಯುತ್ತಿದೆ, ಹುಳು ಬಿದ್ದಿದೆ. ಲ್ಯಾಮಿನೇಶನ್ ಮಾಡಿಸೋಣವೆ? (ಶಿವಮೊಗ್ಗ)

ಬೇಡ. ಲ್ಯಾಮಿನೇಶನ್ ಬಿಸಿಯಲ್ಲಿ ಅಂಟುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಒಳಗಿನ ಹುಳಿ ಹಾಳೆಯನ್ನು ತಿನ್ನುತ್ತಲೇ ಇರುತ್ತದೆ. ಸೆಲೊಟೇಪೂ ಬೇಡ, ಕೆಲವೇ ವರ್ಷಗಳಲ್ಲಿ ಅದರ ಅಂಟು ಹಳದಿಯಾಗಿ ಹಾಳೆಯೊಳಕ್ಕೆ ಇಳಿಯುತ್ತದೆ. ಮೈದಾ ಗೋಂದು ಹುಳುವಿಗೆ ಬಡಿಸಿಟ್ಟ ಊಟ.

ಹುಳುವಿಗೆ ಮನೆಯಲ್ಲೇ ಮಾಡಬಹುದಾದ ಮದ್ದು ಫ್ರೀಜರು. ಪುಸ್ತಕ ಒಣಗಿರಬೇಕು. ಬಿಳಿ ಬಟ್ಟೆಯಲ್ಲಿ ಸುತ್ತಿ, ಜಿಪ್ ಚೀಲದಲ್ಲಿ ಹಾಕಿ, ಗಾಳಿ ತೆಗೆದು ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ಪೂರ್ತಿ ದಿನ ಚೀಲ ಬಿಚ್ಚಕೂಡದು. ಎಲ್ಲರೂ ಎಡವುವುದು ಇಲ್ಲೇ: ತಕ್ಷಣ ಬಿಚ್ಚಿದರೆ ತಣ್ಣಗಿನ ಹಾಳೆಯ ಮೇಲೆ ಗಾಳಿಯ ತೇವ ಕೂತು ಮಸಿ ಹರಡುತ್ತದೆ. ಆಮೇಲೆ ನಾಲ್ಕೈದು ಸಲ ತೊಳೆದು ಗಂಜಿ ಹೋದ ಹತ್ತಿಬಟ್ಟೆಯಲ್ಲಿ ಸುತ್ತಿ, ಮಲಗಿಸಿ ಇಡಿ. ಮಲೆನಾಡಿನ ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಬೂಸ್ಟು ಖಂಡಿತ. ಗೋಡೆಗೆ ತಾಗಿದ ಕಪಾಟಿಗಿಂತ ಒಳಕೋಣೆಯ ಮಧ್ಯದ ಹಲಗೆ ಮೇಲು. ನುಸಿಗುಳಿಗೆ ಹಾಳೆಗೆ ತಾಗಬಾರದು, ಹಸಿ ಬೇವಿನೆಲೆ ಕಲೆ ಮಾಡುತ್ತದೆ.

ಇದಕ್ಕೆಲ್ಲ ಮೊದಲು ಫೋಟೊ ತೆಗೆಯಿರಿ. ಬಿಸಿಲು ನೇರ ಬೀಳದ ಕಿಟಕಿಯ ಬಳಿ, ಫ್ಲ್ಯಾಶ್ ಇಲ್ಲದೆ, ಹಾಳೆಗೆ ಸಮಾನಾಂತರವಾಗಿ ಮೊಬೈಲ್ ಹಿಡಿದು, ಪಕ್ಕದಲ್ಲಿ ಒಂದು ಅಡಿಕೋಲಿಟ್ಟು ತೆಗೆಯಿರಿ. ಬರಹವಿರುವ ಹಾಳೆಯಷ್ಟೇ ಅಲ್ಲ, ಮುಖಪುಟ, ಅಚ್ಚಾದ ಊರು, ವರ್ಷವಿರುವ ಪುಟವೂ ಬೇಕು. ಏಕೆಂದರೆ ಪುಸ್ತಕ 1909ರಲ್ಲಿ ಅಚ್ಚಾಗಿದ್ದು, ಒಳಗೆ 1871ರ ಜನನ ಬರೆದಿದ್ದರೆ ಆ ನಮೂದನ್ನು ಹಳೆಯ ಪುಸ್ತಕದಿಂದ ಎತ್ತಿದ್ದು, ಇಲ್ಲವೆ ನೆನಪಿನಿಂದ ಬರೆದದ್ದು. ಎಲ್ಲ ಸಾಲೂ ಒಂದೇ ಕೈ, ಒಂದೇ ಮಸಿಯಾಗಿದ್ದರೆ ಯಾರೋ ಒಂದೇ ಸಲ ಕೂತು ಬರೆದಿದ್ದಾರೆ. ಕೈ, ಮಸಿ ಬದಲಾಗುತ್ತ ಹೋಗಿದ್ದರೆ ಆಯಾ ಕಾಲಕ್ಕೆ ಬರೆದದ್ದು, ಅದನ್ನು ಹೆಚ್ಚು ನಂಬಬಹುದು.

ಕನ್ನಡ ಅಂಕಿಗಳಲ್ಲಿ ಬರೆದಿದ್ದರೆ ೬, ೭, ೯ ಕೈಬರಹದಲ್ಲಿ ಒಂದರಂತೆ ಒಂದು ಕಾಣುತ್ತವೆ. ೧೮೭೬ ಮತ್ತು ೧೮೯೬ರ ಗೊಂದಲದಿಂದ ಅಜ್ಜಿ ಮಗಳಿಗಿಂತ ಚಿಕ್ಕವಳಾದ ವಂಶವೃಕ್ಷಗಳಿವೆ. ನಮೂದಿನಲ್ಲಿ ವಾರದ ಹೆಸರಿದ್ದರೆ ಮೊಬೈಲಿನ ಕ್ಯಾಲೆಂಡರಿನಲ್ಲಿ ಆ ವರ್ಷಕ್ಕೆ ಹೋಗಿ ತಾಳೆ ನೋಡಿ. ಎರಡು ವರ್ಷಗಳಲ್ಲಿ ಒಂದಕ್ಕೆ ಮಾತ್ರ ವಾರ ಹೊಂದಿದರೆ ಉತ್ತರ ಸಿಕ್ಕಿತು.

ನಾವು ಮಂಗಳೂರು ಕಡೆಯ ಕೊಂಕಣಿ ಕಥೋಲಿಕರು. ಶ್ರೀರಂಗಪಟ್ಟಣದ ಸೆರೆಯ ಕತೆಯನ್ನು ಅಜ್ಜಿ ಹೇಳುತ್ತಿದ್ದರು. ಶಾಲೆಗೆ ಹೋಗುವ ಮಕ್ಕಳಿಗೆ ಅದನ್ನು ಹೇಳುವಾಗ ಯಾವುದು ಇತಿಹಾಸ, ಯಾವುದು ಸೇರಿಕೊಂಡದ್ದು ಎಂದು ತಿಳಿಯುವುದಿಲ್ಲ. ದ್ವೇಷ ಕಲಿಸಿದಂತಾಗುವುದೋ ಎಂಬ ಅಳುಕೂ ಇದೆ. (ಬೆಂಗಳೂರು)

ಗಟ್ಟಿ ನೆಲ ಇಷ್ಟು: 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕಥೋಲಿಕರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದರು. ಬಹಳ ಮಂದಿ ದಾರಿಯಲ್ಲೂ ಸೆರೆಯಲ್ಲೂ ಸತ್ತರು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಉಳಿದವರು ಮರಳಿದರು. ಸೆರೆಹಿಡಿದದ್ದು ಎರಡನೆಯ ಮೈಸೂರು ಯುದ್ಧ ಮುಗಿಯುತ್ತಿದ್ದ ಹೊತ್ತಿನಲ್ಲಿ. ಈ ಕಥೋಲಿಕರು ಇಂಗ್ಲಿಷರಿಗೆ ನೆರವಾದರೆಂಬ ಆಪಾದನೆ ಇತ್ತು. ಯುದ್ಧ ಮುಗಿಸಿದ ಮಂಗಳೂರಿನ ಒಪ್ಪಂದಕ್ಕೆ 1784ರ ಮಾರ್ಚ್ 11ರಂದು ಸಹಿ ಬಿತ್ತು. ಈ ಯುದ್ಧವನ್ನು ಬಿಟ್ಟು ಕತೆ ಹೇಳಿದರೆ ಮಕ್ಕಳಿಗೆ ಕಾರಣವೇ ತಿಳಿಯುವುದಿಲ್ಲ.

ಒಯ್ದವರ ಸಂಖ್ಯೆ 30,000ದಿಂದ 80,000ದವರೆಗೆ ಒಬ್ಬೊಬ್ಬರಲ್ಲಿ ಒಂದೊಂದು. ಯಾವುದಾದರೂ ಒಂದನ್ನು ಬಾಯಿಪಾಠ ಮಾಡಿಸಬೇಡಿ. ‘ಲೆಕ್ಕಗಳು ಬೇರೆ ಬೇರೆ ಇವೆ’ ಎಂದೇ ಹೇಳಿ.

ದಿನದ ಬಗ್ಗೆ ಒಂದು ಸ್ವಾರಸ್ಯವಿದೆ. ಬಂಧನ ಆದದ್ದು ಫೆಬ್ರವರಿ 24ರಂದು, ಅದು ಬೂದಿ ಬುಧವಾರ (ಈಸ್ಟರಿಗೆ ಮುಂಚಿನ ಉಪವಾಸಕಾಲ ಶುರುವಾಗುವ ದಿನ) ಎಂದು ಪರಂಪರೆ ಹೇಳುತ್ತದೆ. 1784ರ ಈಸ್ಟರ್ ಬಂದದ್ದು ಏಪ್ರಿಲ್ 11ಕ್ಕೆ. ಬೂದಿ ಬುಧವಾರ ಈಸ್ಟರಿಗೆ 46 ದಿನ ಮೊದಲು ಬರುತ್ತದೆ, ಅಲ್ಲಿಂದ ಹಿಂದಕ್ಕೆ ಎಣಿಸಿ. ಅದು ಅಧಿಕ ವರ್ಷ, ಫೆಬ್ರವರಿಗೆ 29 ದಿನ. ಬೂದಿ ಬುಧವಾರ 25ಕ್ಕೆ ಬೀಳುತ್ತದೆ, 24 ಮಂಗಳವಾರ. ಹತ್ತು ಹನ್ನೆರಡರ ಮಕ್ಕಳಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿಸಿ. ಒಂದು ದಿನದ ವ್ಯತ್ಯಾಸದಿಂದ ಸೆರೆ ಸುಳ್ಳಾಗುವುದಿಲ್ಲ. ತಾರೀಖೋ ಹಬ್ಬವೋ, ಎರಡರಲ್ಲಿ ಒಂದು ಹೇಳುತ್ತ ಹೇಳುತ್ತ ಜಾರಿದೆ. ನೆನಪು ತಾರೀಖಿಗಿಂತ ಹಬ್ಬವನ್ನು ಗಟ್ಟಿಯಾಗಿ ಹಿಡಿಯುತ್ತದೆ ಎಂಬುದು ನಮ್ಮ ಅನಿಸಿಕೆ.

ಅಳುಕಿನ ಮಾತಿಗೆ: ಅಜ್ಜಿ ಹೇಳಿದ್ದರಲ್ಲಿ ನಿಮ್ಮದೇ ಮನೆಗೆ ಸೇರಿದ್ದು ಯಾವುದೋ ಅದನ್ನೇ ಹೇಳಿ. ಯಾವ ಊರಿನಿಂದ ಹೊರಟರು, ಬಿಟ್ಟುಹೋದ ಗದ್ದೆ ಯಾರು ನೋಡಿಕೊಂಡರು, ಬಚ್ಚಿಟ್ಟುಕೊಂಡವರಿಗೆ ಅನ್ನ ಯಾರು ಕೊಟ್ಟರು, ಮರಳಿದವರು ಎಷ್ಟು ಜನ. ಇದು ಅಜ್ಜಿಗೆ ಗೊತ್ತಿಲ್ಲದೆ ಹೋಗಿದ್ದರೆ, ಊರಿನ ಸ್ಮರಣಿಕೆಯಲ್ಲಿ ಓದಿದ್ದನ್ನು ‘ನಮ್ಮ ಮನೆಯಲ್ಲಿ ಆದದ್ದು’ ಎಂದು ಹೇಳಬೇಡಿ. ಮುಂದಿನ ತಲೆಮಾರು ಅದನ್ನೇ ದಾಖಲೆ ಎಂದುಕೊಳ್ಳುತ್ತದೆ. ಬರೆದಿಡುವಾಗ ‘ಅಜ್ಜಿ ಹೇಳಿದ್ದು’, ‘ಪುಸ್ತಕದಲ್ಲಿ ಓದಿದ್ದು’ ಎಂದು ಎರಡು ಬಣ್ಣದ ಶಾಯಿ ಬಳಸಿ. ಹಿಡಿದವರು ಒಂದು ಅರಸೊತ್ತಿಗೆಯ ಸೈನಿಕರು. ಪಕ್ಕದ ಬೀದಿಯ ಸಹಪಾಠಿಯ ಅಜ್ಜನಲ್ಲ. ಮಕ್ಕಳಿಗೆ ಈ ಮಾತನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ, ತಾವಾಗಿ ಊಹಿಸಿಕೊಳ್ಳುವುದಿಲ್ಲ.

ಸಭೆ ಸೇರಿದ್ದಕ್ಕೆ ಅಣ್ಣತಮ್ಮಂದಿರು ಮುತ್ತಜ್ಜನನ್ನು ಹೊರಹಾಕಿ ಆಸ್ತಿ ಕಿತ್ತುಕೊಂಡರಂತೆ. ಆ ಕಡೆಯ ನೆಂಟರು ಈಗಲೂ ಇದ್ದಾರೆ, ಮದುವೆಗೆ ಕರೆಯುತ್ತಾರೆ. ಬರೆದಿಡುವುದು ಸರಿಯೇ? (ಮಂಗಳೂರು)

ಬರೆದಿಡಿ, ಆದರೆ ಆ ಕಡೆಯವರನ್ನೂ ಒಮ್ಮೆ ಕೇಳಿ. ಅವರ ಮನೆಯಲ್ಲಿ ಅದೇ ಕತೆ ‘ಅವನೇ ಬಿಟ್ಟುಹೋದ’ ಎಂದಿರುತ್ತದೆ. 1850ರ 21ನೇ ಕಾಯಿದೆಯ ಪ್ರಕಾರ ಧರ್ಮ ಬದಲಿಸಿದ ಮಾತ್ರಕ್ಕೆ ಆಸ್ತಿಯ ಹಕ್ಕು ಹೋಗುತ್ತಿರಲಿಲ್ಲ. ಆದ್ದರಿಂದ ಘಟನೆ ಅದಕ್ಕೆ ಮುಂಚಿನದೋ ನಂತರದ್ದೋ ನೋಡಿ. ನಂತರದ್ದಾದರೆ ಕೋರ್ಟಿಗೆ ಹೋಗುವ ಶಕ್ತಿಯಿಲ್ಲದೆ ಕೈಬಿಟ್ಟದ್ದಿರಬಹುದು. ಹಳೆಯ ಪಾಲುಪಟ್ಟಿ ಸಿಕ್ಕಿದರೆ ಮಾತು ಮುಗಿಯಿತು.

ಹೊರಬಿದ್ದವರು ಹೊಟ್ಟೆಗೆ ಏನು ಮಾಡಿದರು ಎಂಬುದನ್ನೂ ಸೇರಿಸಿ. ಮಿಶನ್ನಿನವರು ಮಂಗಳೂರಿನಲ್ಲಿ 1851ರಲ್ಲಿ ನೇಯ್ಗೆ, 1865ರಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ್ದರ ಹಿಂದೆ ಇಂಥವರಿಗೆ ದುಡಿಮೆ ಕೊಡುವ ಒತ್ತಾಯವೂ ಇತ್ತು. ಹಳೆಯ ಮನೆಯ ಮಾಡಿನಿಂದ ಒಂದು ಹೆಂಚು ಇಳಿಸಿ, ಬೆನ್ನು ತಿರುಗಿಸಿ ಮುದ್ರೆ ನೋಡಿ. ಅಲ್ಲಿ 1865 ಎಂದಿದ್ದರೆ ಅದು ಕಾರ್ಖಾನೆ ಹುಟ್ಟಿದ ವರ್ಷ, ಆ ಹೆಂಚು ಸುಟ್ಟ ವರ್ಷವಲ್ಲ. ಮಿಶನ್ನಿನ ನಂತರ ಕಾರ್ಖಾನೆ ನಡೆಸಿದ ಕಾಮನ್‌ವೆಲ್ತ್ ಟ್ರಸ್ಟಿನ ಹೆಸರಿದ್ದರೆ ಅದು ಮೊದಲ ಮಹಾಯುದ್ಧದಿಂದೀಚಿನದು. ಯುದ್ಧಕಾಲದಲ್ಲಿ ಜರ್ಮನ್ ಮಿಶನರಿಗಳನ್ನು ಬಂಧಿಸಿದ ಸರ್ಕಾರ ಕಾರ್ಖಾನೆಗಳನ್ನೂ ವಶಕ್ಕೆ ತೆಗೆದುಕೊಂಡಿತ್ತು. ಮುತ್ತಜ್ಜ ಕಾರ್ಖಾನೆಯಲ್ಲಿ ದುಡಿದಿದ್ದರೆ ಆ ಹೆಂಚೇ ಮಕ್ಕಳ ಕೈಗೆ ಕೊಡಬಹುದಾದ ದಾಖಲೆ.

ಮೊಮ್ಮಕ್ಕಳು ಕೆನಡಾದಲ್ಲಿದ್ದಾರೆ. ಕನ್ನಡ ಸ್ವಲ್ಪ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ವಿಡಿಯೊ ಕರೆಯಲ್ಲಿ ಹಿರಿಯರ ಕತೆ ಶುರುಮಾಡಿದರೆ ಎದ್ದು ಹೋಗುತ್ತಾರೆ. (ಧಾರವಾಡ)

ಇಡೀ ವಂಶದ ಕತೆ ಹೇಳಲು ಹೋದರೆ ದೊಡ್ಡವರೂ ಎದ್ದು ಹೋಗುತ್ತಾರೆ. ಒಂದು ಕರೆಗೆ ಒಂದು ವಸ್ತು, ನಾಲ್ಕು ನಿಮಿಷ. ಹೆಂಚು, ಕನ್ನಡಕದ ಡಬ್ಬಿ, ಮೂಲೆ ಮಡಿಸಿದ ಸಂಗೀತ ಪುಸ್ತಕ, ಯಾವುದಾದರೂ ಆದೀತು. ಕ್ಯಾಮೆರಾ ಮುಂದೆ ಹಿಡಿದು ‘ಇದು ಏನಿರಬಹುದು ಹೇಳು’ ಎಂದು ಅವರನ್ನೇ ಊಹಿಸಲು ಬಿಡಿ. ಆರು ವರ್ಷದೊಳಗಿನವರಿಗೆ ಪ್ರಾಣಿ, ಮಳೆ, ಊಟ ಇರುವ ಕತೆ ಸಾಕು. ಹತ್ತು ದಾಟಿದವರಿಗೆ ‘ಆಗ ಅವರು ತಪ್ಪು ಮಾಡಿದರೆ?’ ಎಂಬ ಪ್ರಶ್ನೆ ಬೇಕು. ಮುತ್ತಜ್ಜ ಸಾರಾಯಿ ಕುಡಿದು ಸಭೆಯಿಂದ ಕೆಲಕಾಲ ಹೊರಗಿದ್ದರೆ ಅದನ್ನು ಮುಚ್ಚಿಡಬೇಡಿ. ಬರೀ ಒಳ್ಳೆಯವರ ಕತೆಯನ್ನು ಹದಿಹರೆಯದವರು ನಂಬುವುದಿಲ್ಲ.

ಬಾಯಿಗೆ ಕೂರಿಸಬೇಕಾದದ್ದು ಎರಡೇ: ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆ, ಮನೆಯಲ್ಲಿ ಎಲ್ಲರೂ ಹಾಡುವ ಒಂದು ಹಾಡಿನ ಮೊದಲ ಚರಣ. ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸಿದರೆ ಳ, ಣ, ಠ ಹೋಗುತ್ತವೆ, ಹಾಗಾಗಿ ಜೊತೆಗೆ ನಿಮ್ಮ ದನಿಯ ರೆಕಾರ್ಡೂ ಇರಲಿ. ಕರೆಯಲ್ಲಿ ಎರಡೂ ಕಡೆ ಒಟ್ಟಿಗೆ ಹಾಡಲು ಹೋಗಬೇಡಿ, ದನಿ ಅರ್ಧ ಕ್ಷಣ ತಡವಾಗಿ ತಲುಪಿ ತಾಳ ತಪ್ಪುತ್ತದೆ. ನೀವೊಂದು ಸಾಲು, ಅವರೊಂದು ಸಾಲು. ಅವರು ಊರಿಗೆ ಬಂದಾಗ ಕತೆಯ ಚಿಕ್ಕ ಪುಸ್ತಕ ಮಾಡಿಕೊಡುವ ಆಸೆಯಿದ್ದರೆ ಕತೆಗೊಂದು ಪುಟ, ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್, ಒಟ್ಟು ಹನ್ನೆರಡು ಕತೆ ಮೀರದಿರಲಿ. ಫೋಟೊದ ಹಿಂದೆ ಕ್ಯೂಆರ್ ಕೋಡ್ ಅಂಟಿಸಿ ಧ್ವನಿ ಕೇಳಿಸುವ ಏರ್ಪಾಡು ಚೆನ್ನಾಗಿ ಕಾಣುತ್ತದೆ. ಆದರೆ ಅದು ತೋರಿಸುವ ಖಾತೆ ಮುಚ್ಚಿದ ದಿನ ಬರೀ ಕಪ್ಪು ಚೌಕ ಉಳಿಯುತ್ತದೆ. ಫೋಟೊದ ಬೆನ್ನಿಗೆ ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ, ಎಡದಿಂದ ಬಲಕ್ಕೆ ಯಾರ್‍ಯಾರೆಂದು ಹೆಸರು ಬರೆದುಬಿಡಿ. ಬಾಲ್‌ಪೆನ್ನಿನಲ್ಲಿ ಬರೆದರೆ ಗೆರೆ ಮುಖದ ಮೇಲೆ ಮೂಡುತ್ತದೆ.